ಒಂದು ಬಕೆಟ್ ಮತ್ತು ಕಾವೇರಿ

ಹದಿನಾಲ್ಕರ ಹುಡುಗನಿಗೆ ಊರು ಬಿಟ್ಟು ಹಾಸ್ಟೆಲ್ ಸೇರುವುದೇ ಒಂದು ಕಷ್ಟ. ಸೇರಿದ ಊರಲ್ಲಿ ನೀರೇ ಇಲ್ಲದಿದ್ದರೆ? ಶಿರಸಿಯ ಹುಡುಗನೊಬ್ಬ 2019ರ ಜೂನ್‌ನಲ್ಲಿ ಚೆನ್ನೈನ ವಸತಿಶಾಲೆಯೊಂದರ ಒಂಬತ್ತನೇ ತರಗತಿಗೆ ಸೇರಿದ. ನಗರಕ್ಕೆ ನೀರುಣಿಸುವ ಪೂಂಡಿ, ಚೋಳಾವರಂ, ರೆಡ್‌ಹಿಲ್ಸ್, ಚೆಂಬರಂಬಾಕ್ಕಂ ಜಲಾಶಯಗಳು ಆಗ ಬಹುತೇಕ ಬತ್ತಿ ತಳ ಕಂಡಿದ್ದವು. ಹಾಸ್ಟೆಲಿನ ನಿಯಮ: ದಿನ ಬಿಟ್ಟು ದಿನ ಸ್ನಾನ, ತಲೆಗೊಂದೇ ಬಕೆಟ್.

ಮೊದಲ ಬೆಳಗ್ಗೆ ಐದಕ್ಕೆ ವಾರ್ಡನ್ ಬಾಗಿಲು ಬಡಿದು ‘ಪೋಯ್ ಕುಳಿ’ ಅಂದರು. ಹುಡುಗ ವಿಧೇಯನಾಗಿ ನೆಲದ ಮೇಲೆ ಕುಳಿತ. ಮತ್ತೆ ‘ಕುಳಿ’ ಅಂದರು. ಚಕ್ಕಳಮಕ್ಕಳ ಹಾಕಿ ಇನ್ನೂ ನೆಟ್ಟಗೆ ಕುಳಿತ. ತಮಿಳಿನಲ್ಲಿ ಅದು ‘ಸ್ನಾನ ಮಾಡು’ ಎಂದು ತಿಳಿಯುವಷ್ಟರಲ್ಲಿ ಅವನ ಪಾಲಿನ ಬಕೆಟ್ ಇನ್ಯಾರದೋ ತಲೆಯ ಮೇಲೆ ಸುರಿದಾಗಿತ್ತು. ರಾತ್ರಿ ದೀಪ ಆರಿಸುತ್ತ ‘ತೂಂಗು’ ಅಂದಾಗ ಎದ್ದು ಅಂಗಿಯನ್ನು ಮೊಳೆಗೆ ತೂಗುಹಾಕಿದ. ಮಲಗು ಎಂದಿದ್ದರಂತೆ. ಹಾಲು ಪಾಲ್ ಆಗುವುದು, ಹಲ್ಲು ಪಲ್ ಆಗುವುದು ಬೇಗ ತಿಳಿಯಿತು. ಹಕಾರ ತೆಗೆದು ಪಕಾರ ಹಾಕಿದರಾಯಿತು. ಕೈಕೊಟ್ಟದ್ದು ತೀರಾ ನಮ್ಮವರಂತೆ ಕಾಣುವ ಪದಗಳೇ.

ವಾರದೊಳಗೆ ಅವನಿಗೆ ‘ಕಾವೇರಿ’ ಎಂದು ಹೆಸರು ಬಿತ್ತು. ಮೀಸೆ ಮೂಡುತ್ತಿದ್ದವನಿಗೆ ಹೆಣ್ಣಿನ ಹೆಸರು! ನಲ್ಲಿ ನಿಂತಾಗಲೆಲ್ಲ ‘ಕಾವೇರಿ, ನೀರು ಬಿಡು’ ಎಂಬ ಕೂಗು. ಶಿರಸಿಯ ಹೊಳೆ ಅಘನಾಶಿನಿ, ಅದು ಪಡುವಣಕ್ಕೆ ಹರಿದು ಅರಬ್ಬೀ ಸಮುದ್ರ ಸೇರುತ್ತದೆ, ಅದನ್ನು ತಡೆದಿಟ್ಟರೂ ಚೆನ್ನೈ ಪಾಲಿನ ಒಂದು ಹನಿಯೂ ಕಡಿಮೆಯಾಗದು ಎಂದು ಭೂಪಟ ಹಿಡಿದು ವಾದಿಸಿದ. ಕಣ್ಣಿಗೆ ಸೋಪು ಹೋದವರು ಭೂಗೋಳ ಕೇಳುವುದಿಲ್ಲ.

ಜುಲೈ 12ರಂದು ಜೋಲಾರ್‌ಪೇಟೆಯಿಂದ 50 ವ್ಯಾಗನ್‌ಗಳಲ್ಲಿ 25 ಲಕ್ಷ ಲೀಟರ್ ನೀರು ರೈಲೇರಿ ಚೆನ್ನೈಗೆ ಬಂತು. ಅದು ಕಾವೇರಿ ನೀರು. ಬೆಂಗಳೂರಿನಿಂದ ಹುಡುಗ ಬಂದದ್ದೂ ಅದೇ ಹಳಿಯ ಮೇಲೆ. ಹಾಸ್ಟೆಲಿನಲ್ಲಿ ಅವನಿಗೆ ಚಪ್ಪಾಳೆ ಬಿತ್ತು, ಬಕೆಟ್ ಮಾತ್ರ ಒಂದೇ ಉಳಿಯಿತು.

ಭಾನುವಾರ ವಾರ್ಡನ್ ಕೋಣೆಯ ಫೋನಿನಲ್ಲಿ ಒಬ್ಬೊಬ್ಬರಿಗೆ ಐದು ನಿಮಿಷ. ಹಿಂದೆ ಸಾಲು ನಿಂತಿರುವಾಗ ಅಳುವಂತೆಯೂ ಇಲ್ಲ. ಅಮ್ಮನದು ಒಂದೇ ದೂರು: ಎಂಟು ದಿನವಾಯಿತು, ಮಳೆ ಬಿಟ್ಟಿಲ್ಲ, ಬಟ್ಟೆ ಒಣಗುತ್ತಿಲ್ಲ. ‘ಫೋನನ್ನು ಜಗಲಿಯ ಹೊರಗೆ ಹಿಡಿ’ ಅಂದ ಹುಡುಗ. ಆಮೇಲೆ ಸ್ಪೀಕರ್ ಒತ್ತಿದ. ಹಂಚಿನ ಮೇಲೆ ಮಳೆ ಸುರಿಯುವ ಸದ್ದು ಕೋಣೆ ತುಂಬಿತು. ಸಾಲಿನಲ್ಲಿ ತಳ್ಳಾಟ ನಿಂತಿತು. ಐದು ನಿಮಿಷ ಮುಗಿದರೂ ವಾರ್ಡನ್ ಗಡಿಯಾರ ನೋಡಲಿಲ್ಲ. ‘ಕಾವೇರಿ, ಇನ್ನೊಂದು ನಿಮಿಷ ಇರಲಿ’ ಅಂದ ಹಿಂದಿನವ.

ಆ ಭಾನುವಾರ ಸಾಲಿನ ಕೊನೆಯ ಇಬ್ಬರಿಗೆ ಮನೆಯವರೊಡನೆ ಮಾತಾಡಲು ಸಮಯ ಸಿಗಲಿಲ್ಲ.