ಚಿಕ್ಕಪೇಟೆಯ ಭಾನುವಾರ ಮತ್ತು ಅತ್ತೆಯ ಗುಂಡು ಓವನ್

ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಎಲ್ಲಿಗೆ ಹೋಗೋದು ಅಂತ ಕೇಳಿದರೆ ಮಾಲ್, ಲಾಲ್‌ಬಾಗ್, ಇಲ್ಲಾಂದ್ರೆ ಅರ್ಧ ಗಂಟೆ ಸಾಲಲ್ಲಿ ನಿಂತು ಮಸಾಲೆದೋಸೆ - ಇಷ್ಟೇ ಉತ್ತರ. ನನ್ನನ್ನು ಕೇಳಿದರೆ ಮಾತ್ರ ಚಿಕ್ಕಪೇಟೆಗೆ ಹೋಗಿ ಅಂತೀನಿ. ಅದೂ ಸೀರೆ ತಗೊಳ್ಳೋಕಲ್ಲ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆ, ಅವೆನ್ಯೂ ರಸ್ತೆಯ ಆಸುಪಾಸಿನಲ್ಲಿ ವಾರಕ್ಕೊಮ್ಮೆ ನೆರೆಯುವ ಸಂಡೆ ಬಜಾರ್ ನೋಡೋಕೆ!

ವಾರವಿಡೀ ಇಲ್ಲಿ ಕಾಲಿಡೋಕೆ ಜಾಗ ಇರೋದಿಲ್ಲ. ಹೋಲ್‌ಸೇಲ್ ಅಂಗಡಿಗಳು, ಕೈಗಾಡಿಗಳು, ತಲೆ ಮೇಲೆ ಮೂಟೆ ಹೊತ್ತು 'ಸೈಡ್, ಸೈಡ್' ಅಂತ ಕೂಗಿಕೊಂಡು ಬರುವವರು. ಭಾನುವಾರ ಅಂಗಡಿಗಳ ಶಟರ್ ಇಳಿದ ಮೇಲೆ ಅದೇ ಶಟರ್‌ಗಳ ಮುಂದೆ ಇನ್ನೊಂದು ಪೇಟೆ ಹುಟ್ಟಿಕೊಳ್ಳುತ್ತದೆ. ನೆಲದ ಮೇಲೊಂದು ಪ್ಲಾಸ್ಟಿಕ್ ಹಾಳೆ, ಅದರ ತುಂಬ ಯಾರದೋ ಮನೆಯ ಅಟ್ಟದಿಂದ ಇಳಿದ ಸಾಮಾನು. ಬೆರಳಿಟ್ಟು ತಿರುಗಿಸುವ ಫೋನು, ಲಾಟೀನು, ಪಂಪ್ ಸ್ಟವ್‌ನ ತಲೆ, ಒಳಗೇನೂ ಇಲ್ಲದ ಮರ್ಫಿ ರೇಡಿಯೊ ಪೆಟ್ಟಿಗೆ, ರಾಜಕುಮಾರ್ ಸಿನಿಮಾಗಳ ಕ್ಯಾಸೆಟ್ಟು, ಡಾಲ್ಡಾ ಡಬ್ಬ, ಜೊತೆಯಿಲ್ಲದ ಒಂಟಿ ಶೂ! ಒಂಟಿ ಶೂ ಯಾರು ತಗೋತಾರೆ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಆದರೆ ಪ್ರತಿ ಸಲವೂ ಅದು ಇರುತ್ತದೆ.

ಈ ಜಾಗಕ್ಕೆ ವ್ಯಾಪಾರ ಹೊಸದೇನಲ್ಲ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಊರಿನ ನಡುಮಧ್ಯ ಇದು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ - ಏನು ಮಾರುತ್ತಿದ್ದರು, ಯಾರು ಮಾಡುತ್ತಿದ್ದರು ಅನ್ನೋದು ಹೆಸರಲ್ಲೇ ಇದೆ. ಇವತ್ತಿನ ಅವೆನ್ಯೂ ರಸ್ತೆಯೇ ಅಂದಿನ ದೊಡ್ಡಪೇಟೆ. ಇಲ್ಲಿ ಕಾರು ತಂದು ನಿಲ್ಲಿಸುವ ಸಾಹಸ ಬೇಡ. ಮೆಟ್ರೊ ಹಸಿರು ಮಾರ್ಗದ ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿದು ಮೆಟ್ಟಿಲು ಹತ್ತಿದರೆ ಆಯಿತು.

ಕಳೆದ ಸಲ ನಾನು ಹೋದಾಗ ಜೊತೆಗೆ ಅತ್ತೆ ಇದ್ದರು. ಮಾವ ತೀರಿಕೊಂಡ ಮೇಲೆ ಹಾಸನದ ಮನೆಯಲ್ಲಿ ಒಬ್ಬರೇ ಇರೋದು ಬೇಡ ಅಂತ ನಾವೇ ಬಲವಂತ ಮಾಡಿ ಕರೆದುಕೊಂಡು ಬಂದಿದ್ದೆವು. ಬಂದು ಎರಡು ತಿಂಗಳಾಗಿತ್ತು. ಒಂಬತ್ತನೇ ಮಹಡಿಯ ಬಾಲ್ಕನಿ, ಒಂದು ಕುರ್ಚಿ, ಕೆಳಗೆ ಓಡಾಡುವ ಕಾರುಗಳು. 'ಚೆನ್ನಾಗಿದೆಯಮ್ಮಾ, ಎಲ್ಲಾ ಚೆನ್ನಾಗಿದೆ' ಅನ್ನುತ್ತಿದ್ದರು. ಆದರೆ ಊಟ ಅರ್ಧಕ್ಕರ್ಧ ಕಮ್ಮಿಯಾಗಿತ್ತು. ನಮ್ಮ ಮಹಡಿಯ ಉಳಿದ ಮೂರು ಮನೆಗಳಲ್ಲಿ ಕನ್ನಡ ಮಾತಾಡುವವರಿಲ್ಲ. ಲಿಫ್ಟಿನಲ್ಲಿ ಯಾರಾದರೂ ನಕ್ಕರೆ ಇವರೂ ನಗೋದು, ಅಷ್ಟೇ. ಒಂದು ರಾತ್ರಿ ಮಗನನ್ನು ಕರೆದು, 'ಗುರುವಾರಕ್ಕೆ ಹಾಸ್ನದ ಬಸ್ಸಿಗೆ ಟಿಕೆಟ್ ಮಾಡಿಸಪ್ಪ. ಇಲ್ಲಿ ನನಗೇನ್ ಕೆಲ್ಸ ಇದೆ?' ಅಂದರು. ಅವರಿಗೆ ಏನು ಉತ್ತರ ಕೊಡಬೇಕೋ ನಮಗೆ ಗೊತ್ತಾಗಲಿಲ್ಲ. ಟಿಕೆಟ್ ಮಾಡಿಸಿದೆವು. ನಡುವೆ ಒಂದು ಭಾನುವಾರ ಉಳಿದಿತ್ತು. 'ಹಳೇ ಸಾಮಾನಿನ ಸಂತೆ ನೋಡ್ಕೊಂಡು ಬರೋಣ, ಬನ್ನಿ ಅತ್ತೆ' ಅಂತ ಹೊರಡಿಸಿದೆ.

ಸಂತೆ ಅನ್ನೋ ಪದಕ್ಕೇ ಬಂದರೋ ಏನೋ!

ಮೊದಲ ಹತ್ತು ನಿಮಿಷ ಸೆರಗು ಬಿಗಿಹಿಡಿದು ನನ್ನ ಹಿಂದೆಯೇ ನಡೆದರು. ಆಮೇಲೆ ಒಂದು ಕಡೆ ಗಡಿಯಾರಗಳ ರಾಶಿ ಕಂಡಿತು. ಅದರಿಂದ ಒಂದು ಎಚ್‌ಎಂಟಿ ತೆಗೆದು ಕಿವಿಗೆ ಹಿಡಿದು, ಬೆರಳಲ್ಲಿ ಕೀ ಕೊಟ್ಟರು. ಟಿಕ್ ಟಿಕ್ ಶುರುವಾಯಿತು. 'ನಿಮ್ಮ ಮಾವನ ವಾಚಿಗೆ ದಿನಾ ಬೆಳಿಗ್ಗೆ ಕೀ ಕೊಡ್ತಿದ್ದಿದ್ದು ನಾನೇ. ಅವ್ರಿಗೆ ಮರ್ತೇ ಹೋಗೋದು' ಅಂದರು. ಎರಡು ತಿಂಗಳಲ್ಲಿ ಅವರು ಮಾವನ ವಿಷಯ ತಾವಾಗಿ ಎತ್ತಿದ್ದು ಅದೇ ಮೊದಲು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಶುರುವಾಗಿದ್ದು 1961ರಲ್ಲಿ. ಕೆಲಸ ಸಿಕ್ಕಿದರೆ ಒಂದು ಎಚ್‌ಎಂಟಿ, ಮದುವೆಯಾದರೆ ಅಳಿಯನಿಗೊಂದು ಎಚ್‌ಎಂಟಿ ಅನ್ನೋ ಕಾಲ ಅದು. ಹಳೆಯ ಗಡಿಯಾರಗಳ ಹುಚ್ಚಿದ್ದವರು ಜಾಲಹಳ್ಳಿಯಲ್ಲಿರುವ ಎಚ್‌ಎಂಟಿ ಪರಂಪರೆ ಕೇಂದ್ರಕ್ಕೂ ಒಮ್ಮೆ ಹೋಗಿಬರಬಹುದು.

ಅತ್ತೆ ವಾಚು ಕೊಳ್ಳಲಿಲ್ಲ. 'ನಮ್ಮದು ಮನೇಲಿದೆ' ಅಂತ ಅಲ್ಲೇ ಇಟ್ಟು ಮುಂದೆ ಹೋದರು. ಈಗ ಅವರು ಮುಂದೆ, ನಾನು ಹಿಂದೆ!

ಮುಂದಿನ ತಿರುವಿನಲ್ಲಿ ಪಾತ್ರೆಗಳ ನಡುವೆ ಒಂದು ವಿಚಿತ್ರ ವಸ್ತು ಬಿದ್ದಿತ್ತು. ಅಲ್ಯೂಮಿನಿಯಂನ ಗುಂಡು ಡಬ್ಬಿ, ಎರಡು ಕಡೆ ಕಪ್ಪು ಹಿಡಿಕೆ, ಮುಚ್ಚಳದ ನಡುವೆ ಒಂದು ಪುಟ್ಟ ಗಾಜಿನ ಕಿಟಕಿ. 'ಏನಪ್ಪಾ ಇದು?' ಅಂದೆ. 'ಇಡ್ಲಿ ಪಾತ್ರೆ ಮೇಡಂ, ಫಾರಿನ್‌ದು' ಅಂದ ಮಾರುವವನು. ಪಕ್ಕದಲ್ಲಿ ನಿಂತಿದ್ದ ಒಬ್ಬರು, 'ಅಲ್ಲ ಅಲ್ಲ, ಬಾಟಲಿ ಬಿಸಿ ಮಾಡೋದು' ಅಂದರು. ಅತ್ತೆ ಬಗ್ಗಿ ಮುಚ್ಚಳ ತೆಗೆದು ಒಳಗೆ ನೋಡಿ, ಗಟ್ಟಿಯಾಗಿ ನಕ್ಕುಬಿಟ್ಟರು.

'ಇಡ್ಲಿ ಪಾತ್ರೆ ಅಂತೆ! ಇದು ಕೇಕಿನ ಓವನ್ ಕಣಪ್ಪಾ. ಕೆಳಗೆ ಕಾಯ್ಲ್ ಇದೆ ನೋಡು.'

ಎಪ್ಪತ್ತು-ಎಂಬತ್ತರ ದಶಕದಲ್ಲಿ ಕೆಲವು ಮನೆಗಳಲ್ಲಿ ಇದು ಇತ್ತು, ನಿಮಗೂ ನೆನಪಿರಬಹುದು. ಹಾಸನದಲ್ಲಿ ಅತ್ತೆ-ಮಾವ ಇದ್ದ ಕ್ವಾರ್ಟರ್ಸ್ ಸಾಲಿನಲ್ಲಿ ಒಂದೇ ಒಂದು ಓವನ್ ಇತ್ತಂತೆ. ಅದು ಮನೆಯಿಂದ ಮನೆಗೆ ತಿರುಗುತ್ತಿತ್ತಂತೆ. ಶನಿವಾರ ಯಾರ ಮನೆಗೆ ಓವನ್ ಬಂತೋ ಅವರ ಮನೆ ಬಾಗಿಲಲ್ಲಿ ಇಡೀ ಸಾಲಿನ ಮಕ್ಕಳು. ಗಾಜಿನ ಕಿಟಕಿಗೆ ಕಣ್ಣಿಟ್ಟು, 'ಉಬ್ತು, ಉಬ್ತು' ಅಂತ ಕೂಗೋದು. ನನ್ನ ಗಂಡನೂ ಆ ಗುಂಪಿನಲ್ಲಿದ್ದವರೇ. ಇಪ್ಪತ್ತು ವರ್ಷದ ಸಂಸಾರದಲ್ಲಿ ನನಗೆ ಈ ಕಥೆ ಯಾರೂ ಹೇಳಿರಲಿಲ್ಲ.

'ಎಷ್ಟಪ್ಪಾ?'

'ಆರ್ನೂರು ಅಜ್ಜಿ.'

'ಇಡ್ಲಿ ಪಾತ್ರೆಗೆ ಆರ್ನೂರಾ?'

ಅವನೂ ನಕ್ಕ. ಇನ್ನೂರೈವತ್ತಕ್ಕೆ ವ್ಯಾಪಾರ ಮುಗಿಯಿತು.

ಇಲ್ಲೊಂದು ಮಾತು. ಇಂಥ ಹಳೇ ವಿದ್ಯುತ್ ಉಪಕರಣ ತಂದ ತಕ್ಷಣ ಪ್ಲಗ್ಗಿಗೆ ಸಿಕ್ಕಿಸಬೇಡಿ. ನಮ್ಮ ಓವನ್ನಿನ ವೈರಿಗೆ ಬಟ್ಟೆಯ ಹೊದಿಕೆ ಇತ್ತು, ಅದೂ ಅಲ್ಲಲ್ಲಿ ಪುಡಿಯಾಗಿತ್ತು. ಮೈಯೆಲ್ಲ ಲೋಹ ಇರೋದರಿಂದ ಅರ್ಥಿಂಗ್ ಇಲ್ಲದಿದ್ದರೆ ಶಾಕ್ ಹೊಡೆಯಬಹುದು. ಮನೆ ಹತ್ತಿರದ ರಿಪೇರಿಯವರ ಬಳಿ ಹೊಸ ವೈರ್, ಮೂರು ಪಿನ್ನಿನ ಪ್ಲಗ್ ಹಾಕಿಸಿ, ಕಾಯ್ಲ್ ಪರೀಕ್ಷೆ ಮಾಡಿಸಿದ ಮೇಲೇ ಉಪಯೋಗಿಸಿದ್ದು. ಹಾಗೆಯೇ ಸಂಡೆ ಬಜಾರಿನಲ್ಲಿ ಬಿಲ್ಲಿಲ್ಲದ ಮೊಬೈಲ್ ಫೋನ್ ಕೊಳ್ಳೋಕೆ ಹೋಗಬೇಡಿ. ಪರ್ಸ್ ಮುಂದಿನ ಜೇಬಿನಲ್ಲಿರಲಿ, ಚಿಲ್ಲರೆ ಕೈಯಲ್ಲಿರಲಿ. ಬೇಗ ಹೋದಷ್ಟೂ ಒಳ್ಳೆಯ ಸಾಮಾನು, ಕಮ್ಮಿ ನೂಕುನುಗ್ಗಲು.

ಹಾಸನದಿಂದ ಬಂದ ಪರಿಮಳ

ಓವನ್ ಹೊತ್ತುಕೊಂಡು ಮೆಟ್ರೊ ಹತ್ತಿ, ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ಇಳಿದು ವಿ.ವಿ. ಪುರಂ ಕಡೆ ನಡೆದೆವು. ಹೊಟ್ಟೆ ಚುರುಗುಟ್ಟುತ್ತಿತ್ತು. ಬೇಕರಿ ಪರಿಮಳಕ್ಕೆ ವಿಳಾಸ ಕೇಳಬೇಕಾಗಿಲ್ಲ!

ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಕಥೆಗೂ ಹಾಸನಕ್ಕೂ ಹಳೆಯ ನಂಟಿದೆ. ಹಾಸನ ಸೀಮೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ ಅವರು 1898ರಲ್ಲಿ ಇದೇ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ, ಅಂದರೆ ಬೆಂಗಳೂರು ಬ್ರದರ್ಸ್ ಬೇಕರಿ ಶುರುಮಾಡಿದರು. ಮೊದಲು ಸಿಹಿತಿಂಡಿ ಅಂಗಡಿ ಇಟ್ಟಿದ್ದ ಅವರಿಗೆ ಬ್ರೆಡ್ ಮಾಡೋದನ್ನು ಹೇಳಿಕೊಟ್ಟಿದ್ದು ಒಬ್ಬ ಇಂಗ್ಲಿಷಿನವನು ಅಂತ ಹೇಳುತ್ತಾರೆ. ಮೊಟ್ಟೆ ಮುಟ್ಟದ ಮನೆತನದವರು ಪರದೇಶದ ತಿಂಡಿಯನ್ನು ಒಲೆಗೆ ಹಾಕಿದ್ದರಿಂದಲೇ ನಮಗೆ ಮೊಟ್ಟೆಯಿಲ್ಲದ ಕೇಕು, ಹಸಿಮೆಣಸಿನಕಾಯಿ-ಈರುಳ್ಳಿ ಸೇರಿದ ಖಾರ ಬನ್ನು ಸಿಕ್ಕಿತು. ವಿ.ವಿ. ಪುರಂನ ವಿ.ಬಿ. ಬೇಕರಿ 1953ರದ್ದು. ಇವತ್ತು 'ಅಯ್ಯಂಗಾರ್ ಬೇಕರಿ' ಅಂತ ಬೋರ್ಡ್ ಇರುವ ಎಷ್ಟೋ ಅಂಗಡಿಗಳನ್ನು ಹಾಸನ ಜಿಲ್ಲೆಯ ಹಳ್ಳಿಗಳಿಂದ ಬಂದ ಬೇರೆ ಬೇರೆ ಸಮುದಾಯದವರು ನಡೆಸುತ್ತಾರೆ. ಆ ಹೆಸರೇ ಈಗ ಒಂದು ರುಚಿಯ ಗುರುತು.

ನಾವು ನುಗ್ಗಿದ್ದು ಒಂದು ಚಿಕ್ಕ ಬೇಕರಿಗೆ. ಗಾಜಿನ ಭರಣಿಗಳಲ್ಲಿ ಬೆಣ್ಣೆ ಬಿಸ್ಕತ್ತು, ಖಾರ ಬಿಸ್ಕತ್ತು, ಕಾಂಗ್ರೆಸ್ ಕಡಲೆಬೀಜ. ತಟ್ಟೆಯಲ್ಲಿ ತೆಂಗಿನಕಾಯಿ ತುಂಬಿದ ದಿಲ್‌ಪಸಂದ್, ಜಾಮ್ ಬಳಿದು ಕೊಬ್ಬರಿ ಉದುರಿಸಿದ ಕೆಂಪನೆಯ ಹನಿ ಕೇಕು. ಅತ್ತೆ ಒಂದು ಖಾರ ಬನ್ ಕೇಳಿದರು. ಅದನ್ನು ಕೊಡುತ್ತಾ ಗಲ್ಲಾದಲ್ಲಿ ಕೂತವರು ಅತ್ತೆಯ ಮಾತಿನ ಧಾಟಿ ಹಿಡಿದರು.

'ಯಾವೂರಾಯ್ತಮ್ಮಾ ನಿಮ್ದು?'

'ಹಾಸ್ನ ಕಣಪ್ಪ. ನಿಮ್ದು?'

'ಹೊಳೆನರಸೀಪುರದ ಹತ್ರ ಹಳ್ಳಿ.'

'ಹಂಗಾದ್ರೆ ನಮ್ಮೋರೇ ಬಿಡು!'

ಆಮೇಲೆ ಇಪ್ಪತ್ತು ನಿಮಿಷ ನಾನು ಅಲ್ಲಿ ಇರಲೇ ಇಲ್ಲ ಅಂದುಕೊಳ್ಳಿ. ಆಲೂಗೆಡ್ಡೆ ಬೆಲೆ, ಹೇಮಾವತಿ ನೀರು, ಈ ಸಲ ಹಾಸನಾಂಬ ದೇವಿಯ ಬಾಗಿಲು ತೆಗೆದಾಗ ಇದ್ದ ಜನ... ವರ್ಷಕ್ಕೆ ಕೆಲವೇ ದಿನ ದರ್ಶನ ಕೊಡುವ ಆ ದೇವಿಯ ವಿಷಯ ಬಂದರೆ ಹಾಸನದವರ ಮಾತು ಬೇಗ ಮುಗಿಯೋದಿಲ್ಲ. ಕೊನೆಗೆ ಅತ್ತೆ ಕೈಯಲ್ಲಿದ್ದ ಓವನ್ ತೋರಿಸಿ, 'ಇದು ಎಷ್ಟು ಕಾವು ಹಿಡಿದ್ರೆ ಸರಿ?' ಅಂತ ಕೇಳಿದರು. ಅವರು ಹೊರಗೆ ಬಂದು ಮುಚ್ಚಳ ತೆಗೆದು ನೋಡಿ, 'ಅಮ್ಮಾ, ಇದಕ್ಕೆ ಮೀಟರ್ ಇಲ್ಲ. ಕೈಯೇ ಮೀಟರ್' ಅಂದರು. ಖಾರ ಬನ್ನಿನ ದುಡ್ಡು ಬೇಡ ಅಂದರೂ ಅತ್ತೆ ಬಿಡಲಿಲ್ಲ. ಎರಡು ಬನ್ನು ಪೂರ್ತಿ ತಿಂದರು ಅನ್ನೋದನ್ನು ನಾನು ಮನಸ್ಸಿನಲ್ಲೇ ಎಣಿಸಿಕೊಂಡೆ.

ಮೀಟರ್ ಇಲ್ಲದ ಕೇಕು

ಮಂಗಳವಾರ ಸಂಜೆ ರಿಪೇರಿಯಾದ ಓವನ್ ಮನೆಗೆ ಬಂತು. ಬುಧವಾರ ಅತ್ತೆ ಅಡುಗೆಮನೆ ಹಿಡಿದರು. ಅವರ ಮೊಸರು ಕೇಕಿನ ಲೆಕ್ಕ ಹೀಗಿದೆ.

ಒಂದು ಬಟ್ಟಲು ಗಟ್ಟಿ ಮೊಸರಿಗೆ ಮುಕ್ಕಾಲು ಬಟ್ಟಲು ಪುಡಿ ಸಕ್ಕರೆ ಹಾಕಿ ಕರಗುವ ತನಕ ಕಲಸಿ. ಒಂದೂಕಾಲು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡುಗೆ ಸೋಡಾ ಸೇರಿಸಿ ಐದು ನಿಮಿಷ ಸುಮ್ಮನೆ ಬಿಡಿ. ಮೊಸರಿನ ಹುಳಿ ಸೋಡಾಕ್ಕೆ ತಗುಲಿ ಗುಳ್ಳೆಗುಳ್ಳೆಯಾಗಿ ಉಬ್ಬುತ್ತದೆ. ಮೊಟ್ಟೆಯಿಲ್ಲದ ಕೇಕು ಮೇಲೇಳೋದು ಈ ಗಾಳಿಯಿಂದಲೇ. ಆಮೇಲೆ ಅರ್ಧ ಬಟ್ಟಲು ವಾಸನೆಯಿಲ್ಲದ ಎಣ್ಣೆ, ಒಂದು ಚಮಚ ವೆನಿಲ್ಲಾ ಎಸೆನ್ಸ್. ಕೊನೆಗೆ ಜರಡಿ ಹಿಡಿದ ಒಂದೂವರೆ ಬಟ್ಟಲು ಮೈದಾ, ಸ್ವಲ್ಪ ಸ್ವಲ್ಪವಾಗಿ. ಮೈದಾ ಬಿದ್ದ ಮೇಲೆ ಜಾಸ್ತಿ ತಿರುವಬಾರದು, ತಿರುವಿದಷ್ಟೂ ಕೇಕು ರಬ್ಬರಾಗುತ್ತದೆ. ಎಣ್ಣೆ ಸವರಿ ಮೈದಾ ಉದುರಿಸಿದ ತಟ್ಟೆಗೆ ಸುರಿದು ತಕ್ಷಣ ಬಿಸಿ ಓವನ್ನಿಗೆ ಇಡಿ. ಈಗಿನ ಓವನ್ ಆದರೆ 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ ಸಾಕು.

ನಮ್ಮ ಗುಂಡು ಓವನ್ನಿಗೆ ಡಿಗ್ರಿ ಎಲ್ಲಿಂದ ಬರಬೇಕು? ಅತ್ತೆ ಖಾಲಿ ತಟ್ಟೆಯ ಮೇಲೆ ಬಿಳಿ ಕಾಗದದ ಚೂರು ಇಟ್ಟು ಮುಚ್ಚಿದರು. ಕಿಟಕಿಯಲ್ಲಿ ನೋಡುತ್ತಾ, ಅದು ತೆಳು ಕಂದು ಬಣ್ಣಕ್ಕೆ ತಿರುಗಿದಾಗ 'ಹಾಂ, ಈಗ ಇಡು' ಅಂದರು. ಓವನ್ನೇ ಇಲ್ಲದವರು ಕುಕ್ಕರ್ ಬಳಸಬಹುದು. ತಳದಲ್ಲಿ ಒಂದಂಗುಲ ಕಲ್ಲುಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಗ್ಯಾಸ್ಕೆಟ್ ಮತ್ತು ವೆಯ್ಟ್ ಎರಡನ್ನೂ ತೆಗೆದು, ನೀರು ಹಾಕದೆ ಹತ್ತು ನಿಮಿಷ ಕಾಯಿಸಿ. ಕೇಕಿನ ತಟ್ಟೆ ಇಟ್ಟ ಮೇಲೆ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಉಪ್ಪು ಕಾವನ್ನು ಹಿಡಿದು ಎಲ್ಲ ಕಡೆ ಸಮನಾಗಿ ಹಂಚುತ್ತದೆ. ಕಡ್ಡಿ ಚುಚ್ಚಿದಾಗ ಹಿಟ್ಟು ಅಂಟದಿದ್ದರೆ ಕೇಕು ಆಯಿತು.

ಅರ್ಧ ಗಂಟೆಯಲ್ಲಿ ವೆನಿಲ್ಲಾ ಪರಿಮಳ ಬಾಗಿಲ ಸಂದಿಯಿಂದ ಕಾರಿಡಾರಿಗೆ ಹೋಯಿತು. ಎದುರು ಮನೆಯ ಹುಡುಗ ಬೆಲ್ ಮಾಡಿದ. ಅವನದು ಹಿಂದಿ, ಅತ್ತೆಯದು ಹಾಸನದ ಕನ್ನಡ. ಅತ್ತೆ ಅವನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಗಾಜಿನ ಕಿಟಕಿ ತೋರಿಸಿದರು. ಅವನು ತನ್ನ ತಂಗಿಯನ್ನು ಕರೆದ. ಅವಳ ಹಿಂದೆಯೇ ಅವರಮ್ಮ ಬಂದರು. ಕೇಕು ಒಂದು ಕಡೆ ಸ್ವಲ್ಪ ಜಾಸ್ತಿ ಕೆಂಪಾಗಿತ್ತು, ನಡುವೆ ಬಿರುಕು ಬಿಟ್ಟಿತ್ತು. ಹತ್ತು ನಿಮಿಷದಲ್ಲಿ ತಟ್ಟೆ ಖಾಲಿ! ಆಫೀಸಿನಿಂದ ಬಂದ ನನ್ನ ಗಂಡನಿಗೆ ಸಿಕ್ಕಿದ್ದು ಅಂಚಿನ ಒಂದು ತುಂಡು. ಬಾಯಿಗಿಟ್ಟವರು ಏನೂ ಮಾತಾಡದೆ ಓವನ್ನಿನ ಹತ್ತಿರ ಹೋಗಿ, ಬಗ್ಗಿ ಆ ಕಿಟಕಿಯಲ್ಲಿ ಇಣುಕಿದರು. ಒಳಗೆ ಏನೂ ಇರಲಿಲ್ಲ.

ಗುರುವಾರ ಅತ್ತೆ ಹಾಸನಕ್ಕೆ ಹೊರಟರು. ಟಿಕೆಟ್ ಬದಲಾಯಿಸೋಣವಾ ಅಂತ ನಾವು ಕೇಳಿದ್ದಕ್ಕೆ, 'ಮನೆ ಬಾಗ್ಲು ತೆಗೆದು ಗಾಳಿ ಆಡಿಸ್ಬೇಕು ಕಣೆ. ಅವರ ವಾಚಿಗೂ ಕೀ ಕೊಡ್ಬೇಕು' ಅಂದರು. ಓವನ್ ಪ್ಯಾಕ್ ಮಾಡಿ ಕೊಡೋಕೆ ಹೋದೆ. ಬೇಡ ಅಂದರು. 'ಇಲ್ಲೇ ಇರ್ಲಿ. ಆ ಎದುರುಮನೆ ಮಗೀಗೆ ಹಬ್ಬಕ್ಕೆ ಬಂದಾಗ ಇನ್ನೊಂದು ಮಾಡ್ಕೊಡ್ತೀನಿ ಅಂದಿದೀನಿ.' ಯಾವ ಭಾಷೆಯಲ್ಲಿ ಅಂದರೋ ಗೊತ್ತಿಲ್ಲ. ಆದರೆ ಹಬ್ಬ ಯಾವಾಗ ಅಂತ ಆ ಹುಡುಗ ನನ್ನನ್ನು ಆಗಲೇ ಎರಡು ಸಲ ಕೇಳಿದ್ದಾನೆ.

ಓದುಗರೇ, ನಿಮ್ಮ ಮನೆಯ ಅಟ್ಟದ ಮೇಲೂ ಇಂಥದ್ದೊಂದು ಕೂತಿರಬಹುದು. ಗುಜರಿಗೆ ಹಾಕುವ ಮುಂಚೆ ಒಮ್ಮೆ ಕೆಳಗಿಳಿಸಿ ಧೂಳು ಒರೆಸಿ. ಮನೆಯ ಹಿರಿಯರ ಕೈಗೆ ಕೊಟ್ಟು, 'ಇದೇನು?' ಅಂತ ಕೇಳಿ ನೋಡಿ. ಉತ್ತರ ಸ್ವಲ್ಪ ಉದ್ದವಾಗಬಹುದು, ಕಾಫಿ ಮಾಡಿಟ್ಟುಕೊಳ್ಳಿ!