ಕುಂಬಳದ ತವರಿನಿಂದ

ಪಿಯೋರಿಯಾ, ಇಲಿನಾಯ್
ನವೆಂಬರ್, ಶುಕ್ರವಾರ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಕಡಿಮೆಯಾಗಿದೆ, ಅಡಿಕೆ ಕೊಯ್ಲು ಶುರುವಾಗಿದೆ ಅಂತ ಮಗಳು ಹೇಳಿದಳು. ಹೊರಡುವಾಗ ನೀನು ಕಟ್ಟಿಕೊಟ್ಟ ಜಾಯಿಕಾಯಿ ಏನಾಯಿತು ಎಂದು ಅವಳ ಹತ್ತಿರ ಕೇಳಿದೆಯಂತೆ. ನಿನ್ನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಚೀನಿಕಾಯಿಯ, ಅದೇ ಸಿಹಿಗುಂಬಳದ, ಚೀಸ್‌ಕೇಕ್ ಮಾಡಿದೆವು. ನಿನ್ನ ಜಾಯಿಕಾಯಿ ಅದಕ್ಕೆ ಬಿತ್ತು. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ ಇದು. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಸಂಜೆ ನಾಲ್ಕೂವರೆಗೆಲ್ಲ ಇಲ್ಲಿ ಸೂರ್ಯ ಮುಳುಗಿಬಿಡುತ್ತಾನೆ. ಬರೆಯಲು ಬೇಕಾದಷ್ಟು ಹೊತ್ತಿದೆ.

ಥ್ಯಾಂಕ್ಸ್‌ಗಿವಿಂಗ್ ಬರುವುದು ನವೆಂಬರಿನ ನಾಲ್ಕನೇ ಗುರುವಾರ. ಬೆಳೆ ಮನೆಗೆ ಬಂದ ಮೇಲೆ ನೆಂಟರಿಷ್ಟರನ್ನೆಲ್ಲ ಕೂಡಿಸಿಕೊಂಡು ಉಣ್ಣುವ ಹಬ್ಬ. 1863ರಲ್ಲಿ, ಇಲ್ಲಿಯ ಉತ್ತರ ದಕ್ಷಿಣದವರು ಹೊಡೆದಾಡುತ್ತಿದ್ದ ಕಾಲದಲ್ಲೇ, ಲಿಂಕನ್ ಇದನ್ನು ಇಡೀ ದೇಶ ಆಚರಿಸಬೇಕೆಂದು ಸಾರಿದರಂತೆ. ಅದರ ಹಿಂದೆ ಸಾರಾ ಜೋಸೆಫಾ ಹೇಲ್ ಎಂಬ ಪತ್ರಿಕಾ ಸಂಪಾದಕಿ ಇದ್ದರು. ವರ್ಷಗಟ್ಟಲೆ ಲೇಖನ ಬರೆದು, ಒಬ್ಬರಾದ ಮೇಲೊಬ್ಬ ಅಧ್ಯಕ್ಷರಿಗೆ ಕಾಗದ ಹಾಕಿ, ಹಿಡಿದ ಪಟ್ಟು ಬಿಡದೆ ಹಬ್ಬವನ್ನು ದೇಶಕ್ಕೆ ಕೊಡಿಸಿದರು. ನನಗೆ ಈ ಹೆಂಗಸಿನ ಮೇಲೆ ಬಹಳ ಗೌರವ ಬಂತು.

ನನಗೆ ನೆನಪಾಗಿದ್ದು ನಮ್ಮ ಕಡೆಯ ಭೂಮಿ ಹುಣ್ಣಿಮೆ. ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಹೊತ್ತು, ಬೆಳಕು ಹರಿಯುವ ಮೊದಲೇ ಗದ್ದೆಗೆ ಹೋಗಿ ಹಚ್ಚಂಬಲಿ ಬೀರುತ್ತಾರಲ್ಲ, ಅದು ಕೊಯ್ಲಿಗೆ ಮುಂಚೆ, ಬಸುರಿ ಭೂಮಿಗೆ ಬಡಿಸುವ ಬಯಕೆಯೂಟ. ಇಲ್ಲಿಯದು ಕೊಯ್ಲಾದ ಮೇಲಿನದು. ನಮ್ಮಲ್ಲಿ ಮೊದಲ ತುತ್ತು ಮಣ್ಣಿಗೆ. ಇಲ್ಲಿ ಹೊಲದ ಕಡೆ ಯಾರೂ ಹೋಗುವುದಿಲ್ಲ, ಹಬ್ಬವೆಲ್ಲ ಊಟದ ಮೇಜಿನ ಸುತ್ತಲೇ. ನನಗೇನೋ ನಮ್ಮ ಪದ್ಧತಿಯೇ ಹೆಚ್ಚು ಸರಿ ಅನ್ನಿಸಿತು.

ಹೊಲ ನೋಡಬೇಕೆಂದು ಅಕ್ಟೋಬರಿನಲ್ಲೇ ಅಳಿಯನಿಗೆ ಹೇಳಿದ್ದೆ. ಇಲ್ಲಿಂದ ಇಲಿನಾಯ್ ಹೊಳೆ ದಾಟಿ ಸ್ವಲ್ಪ ದೂರ ಹೋದರೆ ಮಾರ್ಟನ್ ಎಂಬ ಊರು. ಜಗತ್ತಿನ ಕುಂಬಳದ ರಾಜಧಾನಿ ಎಂದು ಆ ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ, ತಪ್ಪೇನಿಲ್ಲ. ಅಮೆರಿಕದಲ್ಲಿ ಡಬ್ಬಿಗೆ ತುಂಬುವ ಕುಂಬಳದ ಬಹುಪಾಲು ಇದೇ ಸೀಮೆಯಲ್ಲಿ ಬೆಳೆದು, ಮಾರ್ಟನ್ನಿನ ಲಿಬ್ಬೀಸ್ ಕಾರ್ಖಾನೆಯಲ್ಲಿ ಬೆಂದು ಹೊರಬರುತ್ತದೆ. ದಿಣ್ಣೆ ತಗ್ಗು ಏನೂ ಇಲ್ಲದ ಕಪ್ಪು ಮಣ್ಣು, ಕಣ್ಣು ಹಾಯುವಷ್ಟು ದೂರ. ಬಳ್ಳಿಯೆಲ್ಲ ಒಣಗಿ ನೆಲಕ್ಕಂಟಿ, ಕಾಯಿ ಮಾತ್ರ ಸಾಲು ಸಾಲಾಗಿ ಬಿದ್ದಿದ್ದವು.

ಹ್ಯಾಲೋವೀನ್ ಹಬ್ಬಕ್ಕೆ ಕಣ್ಣು ಮೂಗು ಕೊರೆದು ದೀಪ ಇಡುವ ಕೇಸರಿ ಬಣ್ಣದ ಕಾಯಿ ಅಲ್ಲ ಇದು. ಅದರಲ್ಲಿ ನಾರು ಜಾಸ್ತಿ, ನೀರು ಜಾಸ್ತಿ, ಅಡಿಗೆಗೆ ರುಚಿಯಿಲ್ಲ. ಕಾರ್ಖಾನೆಗೆ ಬೆಳೆಯುವುದು ಡಿಕಿನ್ಸನ್ ಎಂಬ ತಳಿ. ಉದ್ದುದ್ದ, ಮಾಸಲು ಕಂದು ಸಿಪ್ಪೆ, ಒಳಗೆ ದಟ್ಟ ಅರಿಶಿನ ಬಣ್ಣದ ಗಟ್ಟಿ ತಿರುಳು. ನಮ್ಮ ಹಿತ್ತಲಲ್ಲಿ ಹಬ್ಬುವ ಎಷ್ಟೋ ಚೀನಿಕಾಯಿಗಳ ಜಾತಿಗೇ ಸೇರಿದ್ದು. ಒಂದನ್ನು ಎತ್ತಿಕೊಂಡು ತೊಟ್ಟು ಮುಟ್ಟಿ ನೋಡಿದೆ. ಕಾಯಿಗೆ ಕೂಡುವ ಕಡೆ ಅಗಲವಾಗಿ ಹರಡಿ ಬೆರಳೂರಿದ ಹಾಗಿರುತ್ತದಲ್ಲ, ಥೇಟ್ ಅದೇ ತೊಟ್ಟು.

ಅಲ್ಲಿ ನಿಂತಾಗ ಅನ್ನಿಸಿತು ಅಕ್ಕಾ, ಇದು ನಮ್ಮ ಮನೆ ಸೊಸೆಯ ತವರು. ಚೀನಿಕಾಯಿ ನಮ್ಮಲ್ಲಿಗೆ ಬಂದಿದ್ದು ಕೊಲಂಬಸ್ಸಿನ ಕಾಲದ ನಂತರ, ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ ಬಂದ ಹಾದಿಯಲ್ಲೇ. ಆಯುಧಪೂಜೆಗೆ ಒಡೆಯುವ ಬೂದುಗುಂಬಳ ನಮ್ಮ ಏಷ್ಯಾದ್ದು. ಪಲ್ಯ, ಹುಳಿ, ಕಡುಬು, ದೋಸೆ ಎಂದು ನಾವು ದಿನಾ ಬಳಸುವ ಸಿಹಿಗುಂಬಳ ಈ ಖಂಡದ್ದು. ಮೆಕ್ಸಿಕೋದ ಓಹಾಕಾ ಸೀಮೆಯ ಗಿಲಾ ನಾಕಿಟ್ಸ್ ಎಂಬ ಗುಹೆಯಲ್ಲಿ ಸುಮಾರು 10,000 ವರ್ಷ ಹಳೆಯ ಕುಂಬಳದ ಬೀಜ ಸಿಕ್ಕಿವೆ. ಕಾಡುಕಾಯಿಯ ಬೀಜವಲ್ಲ, ಮನುಷ್ಯ ಬಿತ್ತಿ ಬೆಳೆದದ್ದರ ಬೀಜ.

ಮೊಮ್ಮಗಳು ಶಾಲೆಯಲ್ಲಿ ಕಲಿತು ಬಂದು ಇನ್ನೊಂದು ಸಂಗತಿ ಹೇಳಿದಳು. ಕುಂಬಳದ ಹೂವನ್ನೇ ನೆಚ್ಚಿಕೊಂಡ ಒಂದು ಜಾತಿಯ ಜೇನು ಈ ಖಂಡದಲ್ಲಿದೆ. ನೆಲದಲ್ಲಿ ಬಿಲ ತೋಡಿ ಗೂಡು ಮಾಡುತ್ತದೆ, ಬೆಳಗಿನ ಜಾವ ಹೂವು ಬಿಡುವ ಹೊತ್ತಿಗೇ ಹಾಜರಾಗುತ್ತದೆ. ಗಂಡು ಜೇನುಗಳು ಮಧ್ಯಾಹ್ನ ಬಾಡಿ ಮುಚ್ಚಿಕೊಂಡ ಹೂವಿನೊಳಗೇ ಮಲಗಿಬಿಡುತ್ತವೆ. ಬೀಜ ಹಡಗು ಹತ್ತಿ ನಮ್ಮಲ್ಲಿಗೆ ಬಂತು, ಈ ಜೇನು ಬರಲಿಲ್ಲ. ನಮ್ಮ ಹಿತ್ತಲಲ್ಲಿ ಆ ಕೆಲಸವನ್ನು ತುಡುವೆಗಳು ವಹಿಸಿಕೊಂಡಿವೆ.

ಈ ಊರಿನ ಹೆಸರೂ ಇಲ್ಲಿಯ ಮೂಲನಿವಾಸಿಗಳದ್ದೇ. ಪಿಯೋರಿಯಾ ಎಂಬ ಬುಡಕಟ್ಟಿನವರು ಈ ಹೊಳೆಯ ದಂಡೆಯಲ್ಲಿದ್ದರು. ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ ಬೆಳೆಯುತ್ತಿದ್ದರು. ಮೆಕ್ಕೆಜೋಳದ ದಂಟಿಗೆ ಹುರುಳಿಕಾಯಿಯ ಬಳ್ಳಿ ಹಬ್ಬುತ್ತದೆ, ಕುಂಬಳದ ಎಲೆ ಅಡಿಯಲ್ಲಿ ಹರಡಿ ಕಳೆ ಬರದಂತೆ, ತೇವ ಆರದಂತೆ ಕಾಯುತ್ತದೆ. ಈ ಮೂರನ್ನು ಅಕ್ಕತಂಗಿಯರು ಎಂದು ಕರೆಯುವ ರೂಢಿ ಈ ಖಂಡದ ಹಲವು ಬುಡಕಟ್ಟುಗಳಲ್ಲಿದೆ. ಕುಂಬಳವನ್ನು ಸೀಳಿ ಒಣಗಿಸಿ ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಿದ್ದರು. ಈಗ ಆ ಜನ ಇಲ್ಲಿಲ್ಲ. ನೆಲ ಕಳೆದುಕೊಂಡು ದೂರ ದೂರ ಸರಿಯುತ್ತ ಕೊನೆಗೆ ಓಕ್ಲಹೋಮಾ ಸೇರಿದರು. 1621ರಲ್ಲಿ ಪ್ಲಿಮತ್‌ನಲ್ಲಿ ಬಿಳಿಯರ ಜೊತೆ ಕೂತು ಉಂಡ ವಾಂಪನೋಆಗ್ ಜನರ ಕಥೆಯೂ ಹೀಗೆಯೇ ನೋವಿನದು. 1970ರಿಂದ ಈಚೆಗೆ ಪ್ರತಿವರ್ಷ ಇದೇ ಗುರುವಾರ ಮೂಲನಿವಾಸಿಗಳು ಪ್ಲಿಮತ್‌ನಲ್ಲಿ ಸೇರಿ ಶೋಕದಿನ ಆಚರಿಸುತ್ತಾರೆ. ಹಬ್ಬದೂಟ ಉಣ್ಣುವ ಮೊದಲು ಇದನ್ನು ಮೊಮ್ಮಗಳಿಗೆ ಹೇಳಬೇಕೆಂದು ನಾನು ಪಟ್ಟು ಹಿಡಿದೆ. ಯಾರ ಬೆಳೆ, ಯಾರ ನೆಲ ಎಂದು ಮಗುವಿಗೆ ತಿಳಿದಿರಬೇಕು.

ಇನ್ನು ಅಡಿಗೆಮನೆಗೆ ಬರೋಣ.

ಪಕ್ಕದ ಮನೆಯ ಅಜ್ಜಿ ನಮ್ಮನ್ನೆಲ್ಲ ಊಟಕ್ಕೆ ಕರೆದಿದ್ದರು. ಕುಂಬಳದ ಪೈ ಅವರೇ ಮಾಡುತ್ತಾರೆ, ಅದಕ್ಕೇ ನಾವು ಚೀಸ್‌ಕೇಕ್ ಒಯ್ಯುವುದೆಂದು ಮಗಳು ನಿಶ್ಚಯಿಸಿದಳು. ಮೊಟ್ಟೆ ಹಾಕಿದ್ದು ದೊಡ್ಡದು ಅವರಿಗೆ, ಮೊಟ್ಟೆಯಿಲ್ಲದ ಚಿಕ್ಕದು ನನಗೆ. ಮೊಟ್ಟೆ ಒಡೆದು ಬೆರೆಸುವ ಕೆಲಸ ಅವಳದ್ದು, ಮಿಕ್ಕಿದ್ದೆಲ್ಲ ನನ್ನದು.

ತಳಕ್ಕೆ ಗ್ರಹಾಂ ಕ್ರ್ಯಾಕರ್ ಎಂಬ ಗೋಧಿ ಬಿಸ್ಕತ್ತಿನ ಪುಡಿ. ಇದು ಸಿಲ್ವೆಸ್ಟರ್ ಗ್ರಹಾಂ ಎಂಬ ಪಾದ್ರಿಯ ಹೆಸರಿನಲ್ಲಿರುವ ಬಿಸ್ಕತ್ತು. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲೇ ಮಾಂಸ ಬೇಡ, ಮದ್ಯ ಬೇಡ, ಜರಡಿ ಹಿಡಿಯದ ಗೋಧಿಹಿಟ್ಟು ತಿನ್ನಿ ಎಂದು ಊರೂರು ಸುತ್ತಿ ಹೇಳಿದವರು. ಅಮೆರಿಕದಲ್ಲೂ ಅಂಥವರಿದ್ದರು ಎಂದು ಭಾವನವರಿಗೆ ಹೇಳು, ಖುಷಿಪಡುತ್ತಾರೆ. ಪುಡಿಗೆ ಕರಗಿಸಿದ ಬೆಣ್ಣೆ ಕಲಸಿ ಅಚ್ಚಿನ ತಳಕ್ಕೆ ಲೋಟದಿಂದ ಒತ್ತಿ, ಹತ್ತು ನಿಮಿಷ ಓವನ್ನಿನಲ್ಲಿಟ್ಟು ತೆಗೆದೆ.

ಕ್ರೀಮ್ ಚೀಸ್ ಎಂದರೆ ನೀನು ಅಂದುಕೊಳ್ಳುವ ಗಟ್ಟಿ ಚೀಸಲ್ಲ. ಹಾಲಿಗೆ ಕೆನೆ ಸೇರಿಸಿ, ಹೆಪ್ಪಿಟ್ಟು, ನೀರು ಬಸಿದದ್ದು. ನುಣ್ಣಗೆ, ಸ್ವಲ್ಪ ಹುಳಿ. 1872ರಲ್ಲಿ ನ್ಯೂಯಾರ್ಕ್ ರಾಜ್ಯದ ಚೆಸ್ಟರ್ ಎಂಬಲ್ಲಿ ವಿಲಿಯಂ ಲಾರೆನ್ಸ್ ಎಂಬುವರು ಮಾಡತೊಡಗಿದರು ಎನ್ನುತ್ತಾರೆ. ದೊಡ್ಡ ಕೇಕಿಗೆ 680 ಗ್ರಾಂ ಬೇಕು. ಹಿಂದಿನ ರಾತ್ರಿಯೇ ಹೊರಗಿಟ್ಟು ಮೆತ್ತಗಾಗಲು ಬಿಡಬಾರದು, ಕೆಡುತ್ತದೆ. ಒಂದೆರಡು ಗಂಟೆ ಮೊದಲು ತೆಗೆದಿಟ್ಟರೆ ಸಾಕು. ತಣ್ಣಗಿದ್ದರೆ ಗಂಟುಗಂಟಾಗಿ ಉಳಿದು, ಎಷ್ಟು ಕಡೆದರೂ ಬಿಡಿಸಿಕೊಳ್ಳುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಕುಂಬಳದ ನೀರು. 425 ಗ್ರಾಮಿನ ಡಬ್ಬಿಯೊಳಗೆ ಬರೀ ಕುಂಬಳವೇ ಇರುತ್ತದೆ, ಸಕ್ಕರೆ ಗಿಕ್ಕರೆ ಏನಿಲ್ಲ. ಆದರೆ ಅದರಲ್ಲಿ ನೀರು ಬಹಳ. ಹಾಗೇ ಸುರಿದರೆ ಕೇಕು ಗಟ್ಟಿಯಾಗುವುದಿಲ್ಲ, ರುಚಿಯೂ ಸಪ್ಪೆ. ಕಾಗದದ ಟವೆಲಿನ ಮೇಲೆ ಹರಡಿ ಒತ್ತಿ ತೆಗೆ ಎಂದಳು ಮಗಳು, ಇಲ್ಲಿಯವರು ಹಾಗೇ ಮಾಡುತ್ತಾರಂತೆ. ನಾನು ದಪ್ಪ ತಳದ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಮಗುಚಿದೆ. ಮೊದಲು ಪಟಪಟ ಸಿಡಿಯಿತು. ಆಮೇಲೆ ಆವಿ ಕಡಿಮೆಯಾಗುತ್ತ ಬಣ್ಣ ಕಡುವಾಗಿ, ಸೌಟು ಎಳೆದ ದಾರಿಯಲ್ಲಿ ಬಾಣಲೆಯ ತಳ ಕಾಣಿಸಿಕೊಂಡು ಬೇಗ ಮುಚ್ಚದೆ ನಿಂತಿತು. ಆ ಹೊತ್ತಿಗೆ ಹಸಿ ವಾಸನೆ ಹೋಗಿ ಬೇರೆಯೇ ಘಮ ಏಳುತ್ತದೆ. ಅದೇ ಬಿಸಿಗೆ ದಾಲ್ಚಿನ್ನಿ, ಒಣಶುಂಠಿ, ಒಂದು ಚಿಟಿಕೆ ಲವಂಗದ ಪುಡಿ ಹಾಕಿದೆ. ನಿನ್ನ ಜಾಯಿಕಾಯಿಯನ್ನು ಅಲ್ಲೇ ಮೇಲಿನಿಂದ ತೇಯ್ದೆ. ಮಗಳು ಸುತ್ತಮುತ್ತ ಓಡಾಡುತ್ತಿದ್ದವಳು ನಿಂತು, ಅಮ್ಮಾ ಅಜ್ಜನ ಮನೆ ಅಟ್ಟದ ವಾಸನೆ ಎಂದಳು. ಇಲ್ಲಿ ಈ ಮಸಾಲೆಗಳನ್ನೆಲ್ಲ ಸೇರಿಸಿ ಪುಡಿಮಾಡಿ ಪುಟ್ಟ ಡಬ್ಬಿಯಲ್ಲಿ ಮಾರುತ್ತಾರೆ. ತಾಜಾ ತೇಯ್ದದ್ದರ ಮುಂದೆ ಅದು ನಿಲ್ಲುವುದಿಲ್ಲ.

ಆಮೇಲಿನದು ಸುಲಭ. ಚೀಸು, 250 ಗ್ರಾಂ ಸಕ್ಕರೆ ನುಣ್ಣಗೆ ಕಡೆದು, ಆರಿದ ಕುಂಬಳ ಸೇರಿಸಿ, ಕಡೆಗೆ ಮೊಟ್ಟೆ. ಮೊಟ್ಟೆ ಬಿದ್ದ ಮೇಲೆ ಜೋರಾಗಿ ಕಡೆಯಬಾರದು. ಒಳಗೆ ಸೇರಿದ ಗಾಳಿ ಓವನ್ನಿನಲ್ಲಿ ಉಬ್ಬಿ, ಆಮೇಲೆ ಕುಸಿದು ಮೇಲ್ಭಾಗ ಬಿರಿಯುತ್ತದೆ. ನನ್ನ ಚಿಕ್ಕದಕ್ಕೆ ಮೊಟ್ಟೆಯ ಬದಲು ಎರಡು ಚಮಚ ಕಾರ್ನ್‌ಫ್ಲೋರ್, ಸಕ್ಕರೆಯ ಬದಲು ಕಂಡೆನ್ಸ್ಡ್ ಮಿಲ್ಕ್.

ಅಚ್ಚಿನ ಹೊರಗೆ ಫಾಯಿಲ್ ಸುತ್ತಿ, ಬಿಸಿನೀರು ತುಂಬಿದ ಅಗಲ ತಟ್ಟೆಯಲ್ಲಿ ಕೂರಿಸಿ 325 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಬೇಯಿಸುತ್ತಾರೆ, ನಮ್ಮ ಲೆಕ್ಕದಲ್ಲಿ 163 ಡಿಗ್ರಿ. ಸುತ್ತ ನೀರಿದ್ದರೆ ಅಂಚಿನ ಶಾಖ ಕುದಿಯುವ ನೀರಿನ ಶಾಖ ಮೀರುವುದಿಲ್ಲ. ಅಂಚು ಒಣಗುವ ಮೊದಲೇ ನಡುವೂ ಹದಕ್ಕೆ ಬರುತ್ತದೆ. ಸುಮಾರು ಒಂದೂವರೆ ಗಂಟೆಯಾದ ಮೇಲೆ ಮಗಳು ಅಚ್ಚನ್ನು ಮೆಲ್ಲಗೆ ಅಲ್ಲಾಡಿಸಿ ತೋರಿಸಿದಳು. ಅಂಚು ಗಟ್ಟಿ ನಿಂತಿತ್ತು, ನಡುವೆ ಅಂಗೈಯಗಲ ಮಾತ್ರ ತುಸುವೇ ಅಲುಗುತ್ತಿತ್ತು. ಆಗಲೇ ಉರಿ ಆರಿಸಬೇಕು. ನಡುವಿನದೂ ಗಟ್ಟಿಯಾಗಲಿ ಎಂದು ಕಾದರೆ ಒಳಗೆ ಒಡೆದ ಹಾಲಿನಂತೆ ತರಿತರಿಯಾಗುತ್ತದೆ. ಓವನ್ನಿನ ಬಾಗಿಲು ಒಂದಿಷ್ಟು ತೆರೆದು ಅಲ್ಲೇ ಆರಲು ಬಿಟ್ಟು, ಹೊರಗೆ ತೆಗೆದು ಅಂಚಿನ ಸುತ್ತ ಚಾಕು ಆಡಿಸಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟೆವು. ಅಂಚು ಅಚ್ಚಿಗೆ ಅಂಟಿಕೊಂಡಿದ್ದರೆ ಆರಿ ಕುಗ್ಗುವಾಗ ನಡುವೆ ಸೀಳು ಬಿಡುತ್ತದೆ, ಅದಕ್ಕೆ ಚಾಕು. ಮೇಲ್ಮೈ ಒಂದು ಗೆರೆಯೂ ಇಲ್ಲದೆ ನುಣುಪಾಗಿ ಬಂತು. ತಿರುಗಿ ತಿರುಗಿ ನೋಡಿದೆ.

ನಿನ್ನೆ ಮಧ್ಯಾಹ್ನ ಅಜ್ಜಿಯ ಮನೆ ತುಂಬಾ ಜನ. ಟರ್ಕಿ ಕೋಳಿ ಅವರಿಗೆ. ನಮಗೆ ಹಿಸುಕಿದ ಆಲೂಗಡ್ಡೆ, ಹುರುಳಿಕಾಯಿ, ಕ್ರ್ಯಾನ್‌ಬೆರಿಯ ಗೊಜ್ಜು, ಮೆಕ್ಕೆಜೋಳದ ಬ್ರೆಡ್ಡು ಎಂದು ಬೇರೆ ಪಾತ್ರೆಗಳಲ್ಲಿ, ಬೇರೆ ಸೌಟು ಇಟ್ಟು ಬಡಿಸಿದರು. ಎಂಬತ್ತು ದಾಟಿದವರು ಅದನ್ನೆಲ್ಲ ನೆನಪಿಟ್ಟುಕೊಂಡು ಮಾಡಿದ್ದಾರಲ್ಲ ಎಂದು ನನಗೆ ಮನಸ್ಸು ತುಂಬಿ ಬಂತು. ಅವರ ತವರಿನವರು ಹಿಂದೆ ಕಾರ್ಖಾನೆಗೆ ಕುಂಬಳ ಬೆಳೆಯುತ್ತಿದ್ದರಂತೆ. 2009ರ ಶರತ್ಕಾಲದ ಮಳೆಯ ಕಥೆ ಹೇಳಿದರು. ಬಿಡದೆ ಸುರಿದು, ಟ್ರ್ಯಾಕ್ಟರುಗಳು ಕೆಸರಿನಲ್ಲಿ ಹೂತು, ಕಾಯಿಗಳು ಹೊಲದಲ್ಲೇ ಉಳಿದವು. ಆ ವರ್ಷ ದೇಶದಲ್ಲೆಲ್ಲ ಡಬ್ಬಿಗೆ ಕೊರತೆ. ಕೊಳೆ ರೋಗ ಬಂದ ವರ್ಷ ನಮ್ಮ ತೋಟದಲ್ಲಿ ಅಡಿಕೆ ಉದುರಿದ್ದನ್ನು ನಾನೂ ಹೇಳಿದೆ, ಮಗಳು ಇಂಗ್ಲಿಷಿಗೆ ತಿರುಗಿಸಿದಳು. ಬೆಳೆದವರಿಗೆ ಬೆಳೆದವರ ಸಂಕಟ ತಿಳಿಯಲು ಹೆಚ್ಚು ಮಾತು ಬೇಕಾಗಲಿಲ್ಲ, ಅವರು ನನ್ನ ಕೈ ಹಿಡಿದುಕೊಂಡೇ ಕೇಳಿದರು.

ಕೇಕು ದೊಡ್ಡದು ಅಲ್ಲೇ ಖಾಲಿ. ನನ್ನ ಚಿಕ್ಕದರಲ್ಲೂ ಪಾಲು ಕೇಳಿದರು. ನಾಲಿಗೆಗೆ ಮೊದಲು ಹುಳಿ ತಾಗುತ್ತದೆ, ಹಿಂದೆಯೇ ಕುಂಬಳದ ಸಿಹಿ, ನುಂಗಿದ ಮೇಲೆ ಜಾಯಿಕಾಯಿ. ಕಡುಬಿನಲ್ಲಿ ಬೆಲ್ಲ ಕುಂಬಳವನ್ನು ಮುಚ್ಚಿಬಿಡುತ್ತದೆ. ಇದರಲ್ಲಿ ಹುಳಿ ಅದನ್ನು ಎತ್ತಿ ತೋರಿಸುತ್ತದೆ. ಕಡುಬನ್ನು ನಾನೆಂದೂ ಬಿಟ್ಟುಕೊಡುವುದಿಲ್ಲ, ಆದರೂ ಇದು ಕುಂಬಳಕ್ಕೆ ತಕ್ಕ ಮರ್ಯಾದೆ ಎಂದೇ ಹೇಳುತ್ತೇನೆ.

ಸಂಕ್ರಾಂತಿಗೆ ಮಕ್ಕಳೆಲ್ಲ ಬಂದಾಗ ನೀನೂ ಮಾಡಿ ನೋಡು, ಓವನ್ ಬೇಕಿಲ್ಲ. ಒಂದು ಲೀಟರ್ ಹಾಲಿನ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿ ತೂಗುಹಾಕು. ಅದಕ್ಕೆ ಅರ್ಧ ಡಬ್ಬಿ ಮಿಲ್ಕ್‌ಮೇಡ್, ನೀರಾರಿಸಿದ ಚೀನಿಕಾಯಿ ಒಂದು ಬಟ್ಟಲು, ಎರಡು ಚಮಚ ಕಾರ್ನ್‌ಫ್ಲೋರ್, ಜಾಯಿಕಾಯಿ. ನುಣ್ಣಗೆ ಕಲಸಿ ತುಪ್ಪ ಸವರಿದ ಪಾತ್ರೆಗೆ ಹಾಕಿ, ಮೇಲೆ ನೀರು ತೊಟ್ಟಿಕ್ಕದಂತೆ ತಟ್ಟೆ ಮುಚ್ಚಿ, ಇಡ್ಲಿ ಪಾತ್ರೆಯ ಹಬೆಯಲ್ಲಿ ನಲವತ್ತು ನಿಮಿಷ ಸಣ್ಣ ಉರಿ. ಆರಿಸಿದ ಮೇಲೂ ಮುಚ್ಚಳ ತೆಗೆಯಬೇಡ, ಅಲ್ಲೇ ತಣಿಯಲಿ. ಮಾರನೆಯ ದಿನ ಕತ್ತರಿಸು. ಹಳೆಯ ಕಾಯಿಯನ್ನೇ ಆರಿಸಿಕೋ, ಅಟ್ಟದ ಮೇಲೆ ತಿಂಗಳೊಪ್ಪತ್ತು ಇಟ್ಟದ್ದಾದರೆ ಸಿಹಿ ಏರಿರುತ್ತದೆ.

ಭಾವನವರಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ಇಂತಿ ನಿನ್ನ ಪ್ರೀತಿಯ
ತಂಗಿ