ವಾದ್ಯದ ಬಾಯಿ

ಹಳೆಯ ಮನೆಗೆ ಹೊಸ ಬಾಗಿಲು ಮಾಡಿಸುವವನು ಮೊದಲು ದಾರಂದವನ್ನು ಅಳೆಯುತ್ತಾನೆ. ಹಳೆಯ ಸ್ಯಾಕ್ಸೊಫೋನಿಗೆ ಮೌತ್‌ಪೀಸು ಕೊಳ್ಳಹೊರಟವರು ಮಾತ್ರ ಅಳತೆಯನ್ನು ಬಿಟ್ಟು ಹೆಸರನ್ನೇ ವಿಚಾರಿಸುತ್ತಾರೆ!

ನಮ್ಮ ದಕ್ಷಿಣ ಕನ್ನಡದಲ್ಲಿ ಈ ವಾದ್ಯವನ್ನು ಪರಕೀಯವೆಂದು ಇಂದು ಯಾರೂ ಹೇಳಲಾರರು. 1846ರಲ್ಲಿ ಅಡಾಲ್ಫ್ ಸ್ಯಾಕ್ಸ್ ಪ್ಯಾರಿಸಿನಲ್ಲಿ ಪೇಟೆಂಟ್ ಪಡೆದ ಈ ಹಿತ್ತಾಳೆಯ ವಾದ್ಯಕ್ಕೆ ನಮ್ಮ ಗಮಕಗಳನ್ನು ಕಲಿಸಿದವರು ಕದ್ರಿ ಗೋಪಾಲನಾಥರು (1949–2019). ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಇದನ್ನು ಕೇಳಿ ಮನಸೋತ ನಾಗಸ್ವರದ ಮನೆಯ ಆ ಹುಡುಗ 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದವರೆಗೂ ಇದನ್ನು ಕೊಂಡೊಯ್ದರು. ಈಗ ಮದುವೆಯ ಚಪ್ಪರದಲ್ಲಿಯೂ ದೇವಸ್ಥಾನದ ಅಂಗಳದಲ್ಲಿಯೂ ಸ್ಯಾಕ್ಸೊಫೋನಿನ ದನಿ ಕೇಳುತ್ತದೆ.

ನನ್ನ ಸೋದರಮಾವನವರು ಬಿಟ್ಟುಹೋದ ಆಲ್ಟೊ 1920ರ ದಶಕದಲ್ಲಿ ಅಮೆರಿಕದಲ್ಲಿ ತಯಾರಾದುದು. “ಮುದಿ ವಾದ್ಯ, ಶ್ರುತಿಗೆ ನಿಲ್ಲುವುದಿಲ್ಲ, ಬಂದ ಬೆಲೆಗೆ ಕೊಟ್ಟುಬಿಡು” ಎಂಬುದು ಬಂಧುಗಳೆಲ್ಲರ ತೀರ್ಪು. ಗಿರಾಕಿಯೂ ಸಿದ್ಧನಿದ್ದ. ನನಗಾದರೋ ಸಂದೇಹವಿದ್ದದ್ದು ವಾದ್ಯದ ಮೇಲಲ್ಲ, ಅದರ ಬಾಯಿಯ ಮೇಲೆ.

ಸ್ಯಾಕ್ಸೊಫೋನೆಂದರೆ ತುದಿ ಕತ್ತರಿಸಿದ ಶಂಕು. ಆ ಇಲ್ಲದ ತುದಿಯ ಗಾತ್ರವನ್ನು ಮೌತ್‌ಪೀಸಿನ ಒಳಗಣ ಗಾಳಿ ತುಂಬಿಕೊಡಬೇಕು. ಅಂದಿನವರು ಮೌತ್‌ಪೀಸಿನ ಒಳಕೋಣೆಯನ್ನು ವಿಶಾಲವಾಗಿ, ದುಂಡಗೆ ಕೊರೆಯುತ್ತಿದ್ದರು. ದನಿಯ ಜೋರು ಬೇಕಾದಂತೆ ಮುಂದೆ ಅದು ಕಿರಿದಾಯಿತು. ಕಿರಿದಾದುದನ್ನು ಹಳೆಯ ವಾದ್ಯಕ್ಕೆ ತೊಡಿಸಿದರೆ ಕತ್ತಿನ ಕಾರ್ಕಿನ ಅಂಚಿನವರೆಗೂ ಎಳೆಯಬೇಕಾಗಬಹುದು. ಎಳೆದರೂ ಎಷ್ಟೋ ವೇಳೆ ಮೇಲಿನ ಸ್ಥಾಯಿಗೂ ಕೆಳಗಿನ ಸ್ಥಾಯಿಗೂ ಹೊಂದಿಕೆಯಾಗದು.

ಪರೀಕ್ಷೆಗಾಗಿ ಎರಡು ಮೌತ್‌ಪೀಸುಗಳನ್ನು ಎರವಲು ತಂದೆ. ಒಂದು ಲೋಹದ್ದು, ಕಿರಿಕೋಣೆಯದು, ಹೆಸರುವಾಸಿ. ಇನ್ನೊಂದು ಎಬೊನೈಟಿನದು, ಬಣ್ಣ ಮಾಸಿದ್ದು, ಒಳಗೆ ದುಂಡು. ರೀಡು ಎರಡಕ್ಕೂ ಒಂದೇ ಬಗೆಯದು. ಶ್ರುತಿಪೆಟ್ಟಿಗೆಯ ಜೊತೆಗೆ ಮಧ್ಯಷಡ್ಜವನ್ನು ಕೂಡಿಸಿ, ತುಟಿಯ ಹಿಡಿತವನ್ನು ಬದಲಿಸದೆ ತಾರಷಡ್ಜಕ್ಕೆ ಏರುವುದು — ಇಷ್ಟೇ ಪರೀಕ್ಷೆ. ಲೋಹದ್ದು ಅಂಗಳವನ್ನೆಲ್ಲ ತುಂಬಿತು, ಆದರೆ ತಾರಷಡ್ಜ ಶ್ರುತಿಯನ್ನು ಮೀರಿ ಏರಿತು. ಅದರ ತುದಿಯ ತೆರಪೂ ದೊಡ್ಡದು. ನನ್ನ ಉಸಿರು ಒಂದು ವರ್ಣ ಮುಗಿಯುವ ಮುನ್ನವೇ ಸೋತಿತು. ಎಬೊನೈಟಿನದು ಮೆಲುದನಿಯದು, ಆದರೆ ಎರಡು ಷಡ್ಜಗಳೂ ಅಣ್ಣತಮ್ಮಂದಿರಂತೆ ಕೂಡಿದವು. ಪಂಚಮವೂ ತಕರಾರಿಲ್ಲದೆ ಬಂದು ಕುಳಿತಿತು.

ಒಳಗಿದ್ದ ಅತ್ತೆ ಬಾಗಿಲಿಗೆ ಬಂದು ಸ್ವಲ್ಪ ಹೊತ್ತು ನಿಂತು ಕೇಳಿದರು. “ಕೊಡುವುದು ಬೇಡ ಮಾರಾಯ, ಇರಲಿ” ಎಂದಷ್ಟೇ ಹೇಳಿ ಒಳಗೆ ಹೋದರು. ಗಿರಾಕಿಗೆ ಅಂದೇ ಸುದ್ದಿ ಕಳುಹಿಸಿದೆ. ಮಾಸಿದ ಆ ಮೌತ್‌ಪೀಸನ್ನು ಅದರ ಒಡೆಯರಿಂದ ಕ್ರಯಕ್ಕೆ ಪಡೆದೆ.

ಮುದಿತನದ ಮೇಲೆ ಹೊರಿಸುವ ದೋಷಗಳಲ್ಲಿ ಎಷ್ಟು ಪಾಲು ನಾವು ತೊಡಿಸಿದ ಹೊಂದದ ಬಾಯಿಯದೋ! ವಾದ್ಯ ಕೊಳ್ಳುವ ಗೆಳೆಯರಿಗೆ ನನ್ನದೊಂದೇ ಬಿನ್ನಹ: ಹೆಸರನ್ನು ಕೇಳುವ ಮೊದಲು ಷಡ್ಜವನ್ನು ಕೇಳಿರಿ.